ಯುಸ್ತಿನಾಳ ಊರಿಗೆ ಹೋದ ಮಗಳು

ಅಮಿತಾಳಿಗೆ ಪಕ್ಕದ ಮನೆಯ ಯುಸ್ತಿನಾಳನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಅಮಿತಾ ಕೆಟ್ಟವಳೇನಲ್ಲ. ಉಡುಪಿ ಕಡೆಯವಳು, ಡಚ್ಚರ ನಾಡಿನ ನೈಮೆಗನ್ ಊರಿನ ಚಿಪ್ ಕಂಪೆನಿಯೊಂದರಲ್ಲಿ ಗಂಡ ಅವಿನ್ ಜೊತೆಗೇ ಕೆಲಸಕ್ಕಿದ್ದವಳು, ಬಾಗಿಲಿಗೆ ಬಂದವರಿಗೆ ನೀರುದೋಸೆ ಹಾಕದೆ ಕಳಿಸುವವಳಲ್ಲ. ಆದರೆ ಹೊಟ್ಟೆಕಿಚ್ಚಿಗೆ ಒಳ್ಳೆಯವರು, ಕೆಟ್ಟವರು ಎಂಬ ಭೇದ ಉಂಟೇ?

ಯುಸ್ತಿನಾ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದವಳು. ಓದಲೆಂದು ನೈಮೆಗನ್ನಿನ ವಿಶ್ವವಿದ್ಯಾಲಯಕ್ಕೆ ಬಂದು, ಡಚ್ಚನೊಬ್ಬನನ್ನು ಮದುವೆಯಾಗಿ, ಎರಡು ಗಂಡು ಹೆತ್ತು ಇಲ್ಲೇ ನಿಂತವಳು. ಎರಡೂ ಮನೆಯ ಹಿತ್ತಲಿಗೆ ಒಂದೇ ಬೇಲಿ. ಆ ಬೇಲಿಯ ಮೇಲಿಂದ ಅವಳು ಊರಿನ ಸುದ್ದಿ ಹೇಳುತ್ತಿದ್ದಳು. ಬೆಟ್ಟದ ಬುಡದಲ್ಲಿ ಎದುರುಬದುರಾಗಿ ಎರಡು ಸಾಲು ಹುಲ್ಲುಮಾಡಿನ ಮನೆಗಳಂತೆ, ನಡುವೆ ಕಲ್ಲು ಹಾಸಿದ ಅಂಗಳವಂತೆ, ಸುತ್ತ ಮುಸುಕಿನ ಜೋಳ, ಕಾಫಿ, ಬಿದಿರು. ಒಂದೊಂದು ಮನೆಗೂ ಒಂದೊಂದು ಹೆಸರು. ಮನೆಯೂ ನೆಲವೂ ತಾಯಿಯಿಂದ ಮಗಳಿಗೆ ಬರುತ್ತವೆ. ಗಂಡಸು ಮದುವೆಯಾಗಿ ಹೆಂಡತಿಯ ಮನೆ ಸೇರುತ್ತಾನೆ. ಅಣ್ಣಂದಿರು ಒಂದು ಬಿದಿರು ಕಡಿಯಬೇಕಾದರೂ ನನ್ನನ್ನು ಕೇಳಬೇಕು ಎಂದು ಹೇಳಿ ಯುಸ್ತಿನಾ ನಗುತ್ತಿದ್ದಳು. ಅಮಿತಾಳೂ ನಗುತ್ತಿದ್ದಳು. ಒಳಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದಳು.

ಯಾಕೆ ತೊಳೆಯಬಾರದು? ತುಳುನಾಡಿನಲ್ಲೂ ಇದೇ ಇರಲಿಲ್ಲವೇ! ಅಳಿಯಕಟ್ಟು ಎಂದು ದೊಡ್ಡ ಹೆಸರು. ಹೆಣ್ಣಿನ ಸಂತಾನಕ್ಕೆ ಆಸ್ತಿ. ಆದರೆ ಹೆಸರು ಹೆಣ್ಣಿನದು, ಕಾರುಬಾರು ಸೋದರಮಾವನದು. ಅಮಿತಾಳ ತಾಯಿ ಅಮ್ಮಣ್ಣಿಯ ಪಾಲಿನ ಗದ್ದೆಯನ್ನು ಆಕೆಯ ತಮ್ಮ ದೂಮಪ್ಪ ಮಾರಿದಾಗ, ಅಮ್ಮಣ್ಣಿ ಅವನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿ ಅವನಿಗೇ ಚಹಾ ಮಾಡಿಕೊಟ್ಟಿದ್ದಳು. ಈಗ ಅಲ್ಲಿ ಕಾರಿನ ಶೋರೂಮ್. ಅಮ್ಮಣ್ಣಿ ಕೊನೆಯವರೆಗೂ ಅಂಗಡಿಯ ಅಕ್ಕಿಯನ್ನೇ ಉಂಡು ತೀರಿಕೊಂಡಳು. ಸಮುದ್ರದಾಚೆ ಎಲ್ಲಿಯೋ ಒಬ್ಬಳು ಅದೇ ಕಟ್ಟಿನಲ್ಲಿ ಹುಟ್ಟಿ, ನೆಲವನ್ನೂ ಉಳಿಸಿಕೊಂಡು, ಬೇಲಿಯ ಮೇಲೆ ಮೊಣಕೈಯೂರಿ ನಗುವುದೆಂದರೆ ಯಾರಿಗೆ ತಡೆದೀತು?

ಅಷ್ಟಾದರೂ ನೆಲದ ಉರಿ ನುಂಗಿಕೊಳ್ಳಬಹುದಿತ್ತು. ಮಗಳ ಉರಿ ನುಂಗಲಾಗಲಿಲ್ಲ.

ಸಂಪ್ರೀತಾ ಒಬ್ಬಳೇ ಮಗಳು, ಕಾಲೇಜಿನ ಹುಡುಗಿ. ಉಡುಪಿಗೆ ಕರೆದುಕೊಂಡು ಹೋದರೆ ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಮಲಗುವವಳು. ಸಂಬಂಧಿಕರ ಮನೆಯ ಗದ್ದೆಬದುವಿಗೆ ಕರೆದರೆ ಜಿಗಣೆ ಎಂದು ಮೂಗು ಮುರಿಯುವವಳು. ಅಂಥವಳು ಈ ಜನವರಿಯಲ್ಲಿ ತಾಂತೆ ಯುಸ್ತಿನಾಳ ಊರಿನ ಹಬ್ಬಕ್ಕೆ ಹೊರಟುನಿಂತಳು. ತಾಂತೆ ಎಂದರೆ ಡಚ್ಚಿನಲ್ಲಿ ಚಿಕ್ಕಮ್ಮ. ನೋಡಿ, ಕೇಳದೆಯೇ ಒಬ್ಬ ತಂಗಿಯೂ ಹುಟ್ಟಿಕೊಂಡಳು! ಹೋಗಿ ಬರಲಿ ಬಿಡು ಎಂದು ಅವಿನ್ ಹೇಳಿದ. ಹಿತ್ತಲ ಗಿಡ ಮದ್ದಲ್ಲ ಎಂದು ಅಮಿತಾ ಗೊಣಗಿದಳು, ಗೊಣಗುತ್ತಲೇ ಚಕ್ಕುಲಿ ಕಟ್ಟಿಕೊಟ್ಟಳು.

ಅಲ್ಲಿಂದ ಫೋಟೋಗಳು ಬರತೊಡಗಿದವು. ಜಕಾರ್ತಾದಿಂದಾಚೆ ಪುಟ್ಟ ವಿಮಾನ, ಆಮೇಲೆ ಹಲಗೆಯ ಬೆಂಚುಗಳಿದ್ದ ಲಾರಿ. ಅದರಲ್ಲಿ ಮಗಳ ಒಂದು ಪಕ್ಕಕ್ಕೆ ಗೊಬ್ಬರದ ಮೂಟೆ, ಇನ್ನೊಂದು ಪಕ್ಕಕ್ಕೆ ಕಾಲು ಕಟ್ಟಿದ ಕೋಳಿ. ಲಾರಿ ಹೋಗದ ಕಡೆ ಯಾರದೋ ಬೈಕಿನ ಹಿಂದೆ. ಕಾರಿನ ಎಸಿ ಸಾಲದೆಂದು ಮಂಗಳೂರಿನಿಂದ ಉಡುಪಿಯವರೆಗೂ ಮುಖ ಊದಿಸಿಕೊಂಡು ಬಂದವಳು ಇವಳೇ. ಮೊಣಕಾಲುದ್ದ ಕೆಸರಿನಲ್ಲಿ ಗೆಣಸು ಅಗೆಯುವ ಫೋಟೋ ಬಂತು. ಬಿದಿರ ಕೊಳವೆಯಲ್ಲಿ ನೀರು ಹೊರುವ ಫೋಟೋ ಬಂತು. ಕೊನೆಗೆ, ಒಲೆಯ ಮುಂದೆ ಕೂತು ಯುಸ್ತಿನಾ ಸಂಪ್ರೀತಾಳ ಬಾಯಿಗೆ ತನ್ನ ಕೈಯಿಂದ ತುತ್ತು ಇಡುತ್ತಿದ್ದ ಫೋಟೋ.

ಪ್ರೈಮರಿ ಶಾಲೆಗೆ ಹೋಗುವಾಗಲೇ ಈ ಹುಡುಗಿ ನಾನೇನು ಬೇಬಿಯಾ ಎಂದು ತಾಯಿಯ ಕೈ ತಳ್ಳಿದ್ದಳು. ಅಂದಿನಿಂದ ಅಮಿತಾಳ ಕೈತುತ್ತು ಅಮಿತಾಳ ಕೈಯಲ್ಲೇ ಉಳಿದಿತ್ತು. ಅವಳು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಮಗಳ ಬಾಯಿ ಮರಿಹಕ್ಕಿಯ ಕೊಕ್ಕಿನಂತೆ ತೆರೆದಿತ್ತು.

ಮರುದಿನ ಇನ್ನೊಂದು ಸುದ್ದಿ. ಹಬ್ಬಕ್ಕೆ ಆ ಮನೆಯಲ್ಲಿ ಹುಟ್ಟಿದವರೆಲ್ಲ ಎಲ್ಲಿದ್ದರೂ ಬಂದು ಸೇರುತ್ತಾರೆ. ಅಂದು ಸಂಪ್ರೀತಾಳನ್ನು ಮನೆಯ ಮಗಳೆಂದು ಹೆಣ್ಣುಮಕ್ಕಳ ಸಾಲಿನಲ್ಲಿ ಕೂರಿಸಿ, ಹಿರಿಯರ ಎದುರು ಮನೆಯ ಹೆಸರು ಕೊಡಬೇಕೆಂದು ಯುಸ್ತಿನಾ ತನ್ನ ತಾಯಿಯನ್ನು ಕೇಳಿದ್ದಾಳಂತೆ. ಮಗಳು ಮೆಸೇಜಿನ ತುದಿಯಲ್ಲಿ ಆರೇಳು ಹೃದಯದ ಚಿತ್ರ ಹಾಕಿದ್ದಳು. ನೆಲ ಇದ್ದವಳಿಗೆ ನನ್ನ ಮಗಳೂ ಬೇಕಾಯಿತೇ ಎಂದು ಅಮಿತಾ ಅವಿನ್‌ನ ಎದುರು ಕೂಗಾಡಿದಳು. ಅದು ಬರೀ ಪ್ರೀತಿಗೆ ಮಾಡುವುದು, ನೀನು ಸುಮ್ಮನಿರು ಎಂದು ಅವನು ಸಮಾಧಾನ ಹೇಳಿದ. ಸಮಾಧಾನ ಹೇಳಿದವರ ಮೇಲೆ ಬರುವ ಸಿಟ್ಟು ಬೇರೆಯೇ. ಆ ಮಧ್ಯಾಹ್ನ ಅವನು ತಾನೇ ಬ್ರೆಡ್ಡಿಗೆ ಚೀಸ್ ಹಾಕಿಕೊಂಡು ತಿಂದ.

ಶನಿವಾರ ಅಮಿತಾ ಅನ್ನಕ್ಕೆ ಇಟ್ಟ ಹೊತ್ತಿಗೆ ವಿಡಿಯೋ ಕರೆ ಬಂತು. ಅಲ್ಲಿ ಆಗಲೇ ಸಂಜೆ. ಮಗಳ ಹಿಂದೆ ಹೊಗೆ ಹಿಡಿದ ಹಲಗೆಗೋಡೆ, ಸಾಲಾಗಿ ಕೂತ ಹೆಂಗಸರು, ನಡುವೆ ಯುಸ್ತಿನಾಳ ಮುದಿತಾಯಿ. ಎಲ್ಲರೂ ಈ ಕಡೆಗೇ ನೋಡುತ್ತಿದ್ದರು. ಅಮಿತಾ ಸೆರಗಿಲ್ಲದ ಸ್ವೆಟರನ್ನೇ ಎಳೆದು ಸರಿಮಾಡಿಕೊಂಡಳು.

"ಅಮ್ಮಾ, ಒಂದು ಅರ್ಜೆಂಟ್ ಕ್ವೆಶ್ಚನ್. ಅಜ್ಜಿ ನನ್ನ ಮನೆಯ ಹೆಸರೇನು ಅಂತ ಕೇಳಿದ್ರು. ಕರ್ಕೇರ ಅಂದೆ. ಅದು ನಿನ್ನ ಅಮ್ಮಂದಾ ಅಂದ್ರು. ಅಲ್ಲ, ಪಪ್ಪಂದು ಅಂದೆ. ಎಲ್ರೂ ನಗ್ತಿದ್ದಾರೆ. ಅಮ್ಮನ ಹೆಸರಿಲ್ಲದವರು ಇರೋದಿಲ್ಲ, ಹೋಗಿ ಕೇಳು ಅಂತಾರೆ. ನಮ್ಗೆ ಹಾಗೇನಾದ್ರೂ ಉಂಟಾ?"

ಉಂಟಾ ಎಂದು ಕೇಳುತ್ತಾಳೆ! ತುಳುವರಲ್ಲಿ ಅದಕ್ಕೆ ಬರಿ ಎನ್ನುತ್ತಾರೆ. ಮಕ್ಕಳಿಗೆ ಬರಿ ಬರುವುದು ತಾಯಿಯಿಂದ. ಅಮಿತಾ, ಅವಿನ್ ಮದುವೆಯ ಮಾತಿನಲ್ಲಿ ದೂಮಪ್ಪ ಮಾವ ಮೊದಲು ಕೇಳಿದ್ದೇ ಹುಡುಗನ ಬರಿ ಯಾವುದೆಂದು. ಒಂದೇ ಬರಿಯವರಾದರೆ ಅಣ್ಣ ತಂಗಿಯ ಹಾಗೆ, ಮದುವೆಯ ಮಾತೇ ಇಲ್ಲ. ಕರ್ಕೇರ ಅವಿನ್‌ನ ಬರಿ. ಪಾಸ್‌ಪೋರ್ಟಿನಲ್ಲಿ ಎಲ್ಲರೂ ಮಾಡುವ ಹಾಗೆ ಮಗಳಿಗೂ ಅದನ್ನೇ ಅಂಟಿಸಿದ್ದಾಯಿತು. ಇಲ್ಲಿಯ ಗಣೇಶ ಪೂಜೆಯಲ್ಲಿ ಮಗಳ ಬರಿ ಕೇಳಿದಾಗಲೂ ಅಮಿತಾ ತನ್ನ ಬಾಯಾರೆ ಅದನ್ನೇ ಹೇಳಿದ್ದಳು. ಗದ್ದೆಯೇ ಹೋದ ಮೇಲೆ ಈ ಹೆಸರು ಇಟ್ಟುಕೊಂಡು ಏನು ಮಾಡುವುದು ಎಂಬ ಸಿಟ್ಟಿನಲ್ಲಿ ಮಗಳಿಗೆ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ದೂಮಪ್ಪ ಗದ್ದೆಯನ್ನಷ್ಟೇ ಕಳೆದಿದ್ದ. ಹೆಸರನ್ನು ಕಳೆಯುತ್ತಿದ್ದವಳು ಅಮಿತಾಳೇ.

"ಬಂಗೇರ," ಎಂದಳು ಅಮಿತಾ. "ನಿನ್ನದು ಬಂಗೇರ ಬರಿ. ನನ್ನದೂ ಅದೇ, ನಿನ್ನ ಅಜ್ಜಿದೂ ಅದೇ. ನಾಳೆ ನಿಂಗೆ ಮಗಳು ಹುಟ್ಟಿದ್ರೆ ಅವಳದೂ ಅದೇ. ಪಾಸ್‌ಪೋರ್ಟಲ್ಲಿ ಏನೇ ಇರ್ಲಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಉತ್ತರಕ್ಕೆ ಕಾಯದೆ ಸಂಪ್ರೀತಾ ತಿರುಗಿ ಹೆಂಗಸರಿಗೆ ಆ ಹೆಸರು ಹೇಳಿದಳು. ಬಂಗೇರ, ಬಂಗೇರ ಎಂದು ಅವರು ಬಾಯಿಂದ ಬಾಯಿಗೆ ದಾಟಿಸಿದರು. ಮುದುಕಿ ತಲೆಯಾಡಿಸಿ ಏನೋ ತೀರ್ಪು ಕೊಟ್ಟಳು. ಮಗಳು ಅದನ್ನು ತಾಯಿಗೆ ದಾಟಿಸಿದಳು. ತಾಯಿಮನೆಯಿರುವ ಹುಡುಗಿಯನ್ನು ಇನ್ನೊಂದು ಮನೆ ತೆಗೆದುಕೊಳ್ಳುವಂತಿಲ್ಲ. ನಾಳೆ ಅವಳು ಬಂಗೇರ ಮನೆಯಿಂದ ಬಂದ ನೆಂಟಳಾಗಿ ಮರ್ಯಾದೆಯಿಂದ ಕೂರಲಿ.

ಗೆದ್ದೆ ಎಂದು ಅಮಿತಾಳ ಎದೆ ಕುಣಿಯಿತು. ಸುಳ್ಳೇಕೆ, ಕುಣಿಯಿತು. ಅಷ್ಟರಲ್ಲಿ ಯುಸ್ತಿನಾ ಫೋನು ತೆಗೆದುಕೊಂಡು ಜಗಲಿಗೆ ಬಂದಳು. ಅವಳ ಮುಖ ಸಪ್ಪಗಾಗಿತ್ತು. ಡಚ್ಚಿನಲ್ಲಿ ಮೆಲ್ಲಗೆ ಮಾತಾಡಿದಳು. ತನಗಿರುವುದು ಇಬ್ಬರೂ ಗಂಡುಮಕ್ಕಳು, ತನ್ನ ನಂತರ ಈ ಮನೆಯ ಬಾಗಿಲಲ್ಲಿ ನಿಲ್ಲುವ ಹೆಣ್ಣಿಲ್ಲ, ಹೆಸರಿಗಾದರೂ ಒಬ್ಬಳಿರಲಿ ಎಂದು ಕೇಳಿ ನೋಡಿದೆ ಎಂದಳು. ಆಮೇಲೆ ಹೇಳಿದಳು, "ಬೇಲಿಯ ಆ ಕಡೆ ನೀವು ಮಗಳ ಜಡೆ ಹಾಕುತ್ತಿದ್ದ ದಿನದಿಂದ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು."

ಇಷ್ಟು ವರ್ಷ ತಾನೊಬ್ಬಳೇ ಉರಿಯುತ್ತಿದ್ದೇನೆ ಎಂದು ಅಮಿತಾ ಅಂದುಕೊಂಡಿದ್ದಳು. ಒಲೆಯ ಮೇಲೆ ಅನ್ನ ತಳ ಹಿಡಿಯುತ್ತಿತ್ತು. ಅವಳು ಒಲೆ ಆರಿಸಿ ಬಂದಳು.

"ಅವಳು ಹಸಿವು ತಡೆಯುವವಳಲ್ಲ," ಎಂದಳು. "ಬೇಗ ಊಟ ಬಡಿಸಿ. ನಾಳೆ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ, ಜಡೆಯನ್ನೂ ಹಾಕಿ."

ಯುಸ್ತಿನಾ ಕಣ್ಣೊರೆಸಿಕೊಂಡು ಹೂಂ ಎಂದಳು. ಕರೆ ಮುಗಿಸಲು ಬೆರಳು ತಂದ ಅಮಿತಾ ಮತ್ತೆ ಬಾಯಿ ತೆರೆದಳು.

"ಕೈತುತ್ತು ಮಾತ್ರ ಕೊಡಬೇಡಿ. ಅದು ನನ್ನದು."