ಶಿವಪುತ್ರನ ಮನೆ ರಿಪೇರಿ

ಮುಂಬಯಿಯ ಭಾಂಡುಪದಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಮನೆ ಒಡೆದು ಕಟ್ಟುವ ಕಾಂಟ್ರಾಕ್ಟರ್ ನಾನು. ಜ್ಯೋತಿಷಿಯ ಮಾತಿಗೆ ಸಂಡಾಸನ್ನೇ ಬೇರೆ ಮೂಲೆಗೆ ಸರಿಸಿದವರನ್ನು ನೋಡಿದ್ದೇನೆ. ಎದುರುಮನೆಯವರ ಹೊಟ್ಟೆ ಉರಿಸಲಿಕ್ಕೆಂದೇ ಬಾಗಿಲು ಬದಲಿಸಿದವರನ್ನೂ ನೋಡಿದ್ದೇನೆ. ಸ್ವಂತ ಅಕ್ಕ ಮನೆಗೆ ಬರಬಾರದೆಂದು ರಿಪೇರಿಗೆ ಪ್ಲಾನ್ ಹಾಕಿದವನು ಮಾತ್ರ ಶಿವಪುತ್ರ ಒಬ್ಬನೇ.

ಶಿವಪುತ್ರ ಇಂಡಿ ತಾಲೂಕಿನವನು, ನಾನೂ ಆ ಕಡೆಯವನೇ. ವಯಸ್ಸು ನಲವತ್ತೆಂಟು. ಪವಾಯಿಯ ಒಂದು ಕಂಪನಿಯಲ್ಲಿ ಕುರ್ಚಿ, ಏಸಿ, ಕಾಫಿ ಮಷಿನ್ ನೋಡಿಕೊಳ್ಳುವ ಕೆಲಸ. ಕಾಫಿ ಮಷಿನ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾನೆ, ಅಷ್ಟೇ. ಮಾತು ಕೇಳಿದರೆ ಆ ಬಿಲ್ಡಿಂಗ್ ಅವನೇ ಕಟ್ಟಿಸಿದ್ದು ಅನ್ನಬೇಕು. ಯಾವುದಕ್ಕೂ 'ಕ್ಲೀನ್ ಲುಕ್' ಬೇಕು ಅನ್ನುತ್ತಾನೆ. 'ನಮ್ಮ ಕಡೆ ಮಂದಿ' ಅನ್ನುವಾಗ ಮೂಗು ತಾನಾಗಿ ಮೇಲೇರುತ್ತದೆ. ತಾನು ಯಾವ ಕಡೆಯವನೆಂದು ಆ ಮೂಗಿಗೆ ನೆನಪಿರುವುದಿಲ್ಲ.

ಮುಂಬಯಿಯಲ್ಲಿ ನಮ್ಮವರ ಮನೆಯ ಹಾಲ್ ಅಂದರೆ ಊರಿನ ರೋಗಿಗಳಿಗೆ ಮೀಸಲು ಜಾಗ. ದೊಡ್ಡ ದವಾಖಾನೆಗೆ ಬಂದವರು ಅಲ್ಲೇ ಹಾಸಿಕೊಂಡು ಮಲಗುತ್ತಾರೆ. 'ಬರಲೇನು' ಎಂದು ಕೇಳುವ ಪದ್ಧತಿಯಿಲ್ಲ, 'ಸೋಮವಾರ ಬರ್ತೀವಿ' ಎಂದು ಹೇಳುವ ಪದ್ಧತಿಯಿದೆ. ಒಂದು ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಇನ್ನೊಂದು ಕೈಯಲ್ಲಿ ಎಕ್ಸ್‌ರೇ ಕವರು. ತೊಂದರೆ ಆಗುತ್ತದೆ, ಸುಳ್ಳಲ್ಲ. ನನ್ನ ಹತ್ತು ಬೈ ಹನ್ನೆರಡರ ಖೋಲಿಯಲ್ಲೂ ಒಮ್ಮೆ ಐದು ಜನ ಮಲಗಿದ್ದರು, ನಾನು ಮೆಟ್ಟಿಲ ಮೇಲೆ ಮಲಗಿದ್ದೆ, ಬೈದುಕೊಂಡೇ ಮಲಗಿದ್ದೆ. ಬೈದುಕೊಳ್ಳಲಿಕ್ಕೆ ಅಡ್ಡಿಯಿಲ್ಲ, ಬಾಗಿಲು ಹಾಕುವ ಹಾಗಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅವನು ನನ್ನನ್ನು ಕರೆಸಿದ. ಅವನ ಹೆಂಡತಿ ನಾಗರತ್ನಾ ಬೊರಿವಲಿಯ ತಂಗಿಯ ಮನೆಗೆ ಹೋಗಿದ್ದಳು. ನಾನು ಕುಳಿತು ಎರಡು ನಿಮಿಷವಾಗಿರಲಿಲ್ಲ, ಅವನೇ ಊರಿಗೆ ಫೋನ್ ಹಚ್ಚಿದ.

"ಅಕ್ಕಾ, ನೀ ಬಾ ಅಂತಿದ್ದೆ ನೋಡು, ಆದರ ಮನಿ ಕೆಲಸ ತಗದೀನಿ. ಹಾಲ್‌ದ ಫರಸಿ, ಅಡಿಗಿ ಕಟ್ಟಿ, ಎಲ್ಲಾ ಕಿತ್ತೀವಿ. ಎರಡು ತಿಂಗಳಾದರೂ ಹಿಡೀತೈತಿ. ಸುಳ್ಳಲ್ಲ, ಕಾಂಟ್ರಾಕ್ಟರ್ ಇಲ್ಲೇ ಕುಂತಾನ, ಕೇಳು ಬೇಕಾರ."

ಫೋನ್ ನನ್ನ ಕೈಗೆ ಬಂತು. ಆ ಕಡೆಯಿಂದ ಒಡೆದ ದನಿಯಲ್ಲಿ ಒಬ್ಬ ಹೆಣ್ಣುಮಗಳು, "ಕೆಲಸ ಭಾಳ ಐತೇನ್ರೀ?" ಎಂದು ಕೇಳಿದಳು. ನನ್ನ ಕಾಲ ಕೆಳಗೆ ಟೈಲ್ಸ್ ಒಂದೂ ಬಿರುಕಿಲ್ಲದೆ ಹೊಳೆಯುತ್ತಿದ್ದವು. ಕೆಲಸ ಕೈತಪ್ಪಬಾರದು ಎಂಬ ಆಸೆ. "ಹೌದ್ರಿ ಅವ್ವಾ, ಭಾಳ ಐತಿ," ಅಂದೆ. ಶಿವಪುತ್ರನನ್ನು ಇಷ್ಟು ಹೀಗಳೆಯುವ ನಾನು ಆ ಮಾತು ಆಡಿದ್ದೂ ನಿಜ, ಅದಕ್ಕೆ ನನಗಿನ್ನೂ ನಾಚಿಕೆಯಿದೆ.

ಆಕೆ ಕಾಶವ್ವ. ಗಂಟಲಲ್ಲಿ ಗಡ್ಡೆಯಾಗಿತ್ತು. ಪರೇಲದ ಕ್ಯಾನ್ಸರ್ ದವಾಖಾನೆಯವರು ಮೂವತ್ತು ದಿನ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು ಎಂದಿದ್ದರು, ವಾರಕ್ಕೆ ಐದು ದಿನದ ಹಾಗೆ ಆರು ವಾರ. ಅಷ್ಟು ದಿನ ಮಲಗಲಿಕ್ಕೆ ಒಂದು ಜಾಗ ಸಿಕ್ಕರೆ ಚಿಕಿತ್ಸೆ, ಇಲ್ಲದಿದ್ದರೆ ದವಾಖಾನೆಯ ಹೊರಗಿನ ಫುಟ್‌ಪಾತು. ಶಿವಪುತ್ರ ಕಾಲೇಜು ಓದುವಾಗ ಎರಡು ವರ್ಷ ಉಂಡು ಮಲಗಿದ್ದು ಇದೇ ಕಾಶವ್ವನ ಮನೆಯಲ್ಲಿ. ಇದನ್ನು ಅವನೇ ಹೇಳಿದ, ಫೋನ್ ಇಟ್ಟ ಮೇಲೆ, ಯಾರದೋ ಸುದ್ದಿ ಹೇಳಿದ ಹಾಗೆ.

ಅವನಿಗೆ ರಿಪೇರಿ ಬೇಕಿರಲಿಲ್ಲ, ರಿಪೇರಿಯ ಸುದ್ದಿ ಬೇಕಿತ್ತು. ಆದರೆ ಸುದ್ದಿ ನಾಗರತ್ನಾಳ ಕಿವಿಗೂ ಬಿತ್ತು. ಅಡಿಗೆಕಟ್ಟೆ ತಗ್ಗಾಗಿ ಹದಿನೈದು ವರ್ಷದಿಂದ ಸೊಂಟ ನೋಯಿಸಿಕೊಂಡಿದ್ದ ಆಕೆ ಅದನ್ನು ನಿಜವೆಂದು ನಂಬಿ ಕುಣಿಯುವಷ್ಟು ಖುಷಿಪಟ್ಟಳು. ನಾಲ್ಕು ಭಾನುವಾರ ನಾನು ಟೇಪು ಹಿಡಿದು ಹೋದೆ. ಒಂದು ವಾರ ಅವನು ಟೈಲ್ಸ್ ಬಿಳಿ ಬೇಕೆಂದ, ಮುಂದಿನ ವಾರ ಬೂದಿ ಬಣ್ಣ, ಆಮೇಲೆ "ಲೈಟಿನ ಪೊಸಿಷನ್ ಮೊದಲು ಡಿಸೈಡ್ ಆಗ್ಲಿ" ಎಂದ. ಕಾಗದದ ಮೇಲೆ ಗೆರೆ ಎಳೆಸುವುದು, ಅಳಿಸುವುದು. ನಾಗರತ್ನಾ ಚಹಾ ತಂದು, "ಧನರಾಜಣ್ಣಾ, ಶುರು ಯಾವಾಗ್ರೀ?" ಎಂದು ಕೇಳಿದಾಗಲೆಲ್ಲ ಅವನು ಕಿಟಕಿಯ ಅಳತೆ ಮತ್ತೊಮ್ಮೆ ತೆಗೆಯಲು ಹೇಳುತ್ತಿದ್ದ. ಆ ಕಿಟಕಿಯನ್ನು ಅಳೆದೂ ಅಳೆದೂ ನನಗೆ ವಾಕರಿಕೆ ಬಂದಿತ್ತು.

ಐದನೆಯ ವಾರ, ಸೋಮವಾರ ಬೆಳಿಗ್ಗೆ ಆರೂವರೆಗೆ ಅವನ ಫೋನ್ ಬಂತು.

"ಧನರಾಜ್, ಅಕ್ಕ ಮಾಮಾ ಕಲ್ಯಾಣದಾಗ ಇಳದಾರ. ಲೋಕಲ್ ಹಿಡದು ಬರ್ತಾರಂತ. ಒಂದ ತಾಸಿನಾಗ ಏನರ ಒಡಿ."

"ಏನ್ ಒಡೀಲ್ರಿ?"

"ಯಾವ್ದರ. ಸೋವಿದು, ಖರ್ಚು ಬೀಳದ್ದು ನೋಡಿ ಒಡಿ."

ಹೋದೆ. ಆದರೆ ಸುತ್ತಿಗೆ, ಉಳಿ ಅವನ ಮುಂದಿಟ್ಟು ಸುಮ್ಮನೆ ನಿಂತೆ. ಇದೊಂದು ಕೆಲಸವನ್ನು ನನ್ನ ಕೈಯಿಂದ ಮಾಡಿಸಲು ಅವನಿಗೆ ಆಗಲಿಲ್ಲ. ಕೊನೆಗೆ ಆಫೀಸಿನ ಪ್ಯಾಂಟಿನ ಮೇಲೆ ಬನಿಯನ್ ತೊಟ್ಟ ಶಿವಪುತ್ರ ತಾನೇ ಕುಕ್ಕರಗಾಲಿನಲ್ಲಿ ಕುಳಿತು ಹಾಲಿನ ನಡುವಿನ ಟೈಲ್ಸ್ ಕುಟ್ಟತೊಡಗಿದ. ಸುತ್ತಿಗೆ ಹಿಡಿದು ಗೊತ್ತಿಲ್ಲ, ಎರಡು ಸಲ ಹೆಬ್ಬೆರಳಿಗೇ ಬಿತ್ತು. ಸದ್ದಿಗೆ ನಾಗರತ್ನಾ ಎದ್ದು ಬಂದಳು.

"ಅಕ್ಕಾರು ಬರ್ತಾರ ಅಂತ ಒಡ್ಯಾಕತ್ತೀರೇನು?" ಅಂದಳು.

ಅವನು ತಲೆ ಬಗ್ಗಿಸಿಯೇ ಇನ್ನೊಂದು ಟೈಲ್ಸ್ ಕುಟ್ಟಿದ. ನಾಲ್ಕು ಭಾನುವಾರದ ಪ್ಲಾನ್ ಯಾತಕ್ಕೆಂದು ಆಕೆಗೆ ಆ ಕ್ಷಣಕ್ಕೆ ತಿಳಿಯಿತು. ಆಕೆಯ ಮುಖ ನೋಡಲು ನನಗೂ ಆಗಲಿಲ್ಲ.

ಅವರು ಬಂದಾಗ ಹದಿನೆಂಟು ಟೈಲ್ಸ್ ಒಡೆದಿದ್ದವು. ಕಾಶವ್ವ ಕುತ್ತಿಗೆಗೆ ಸೆರಗು ಬಿಗಿದುಕೊಂಡು ಬಾಗಿಲಲ್ಲೇ ನಿಂತಳು. ಒಡೆದ ಹಾಲ್ ನೋಡಿ ಅವರೇ ಧರ್ಮಶಾಲೆ ಕೇಳಿಕೊಂಡು ಹೋಗುತ್ತಾರೆಂದು ಶಿವಪುತ್ರನ ಲೆಕ್ಕ. ಆ ಲೆಕ್ಕದಲ್ಲಿ ಅವನು ತನ್ನ ಮಾಮಾನನ್ನೇ ಮರೆತಿದ್ದ. ಕಾಶವ್ವನ ಗಂಡ ಮುರಿಗೆಪ್ಪ ನಲವತ್ತು ವರ್ಷ ಗವಂಡಿ ಕೆಲಸ, ಅಂದರೆ ಗಾರೆ ಕೆಲಸ, ಮಾಡಿದವನು. ರೊಟ್ಟಿಗಂಟಿನ ಜೊತೆಗೆ ಅವನು ಇನ್ನೊಂದು ಚೀಲ ತಂದಿದ್ದ. ಅದರಿಂದ ಒಂದೊಂದಾಗಿ ಕರಣಿ, ದಾರಕ್ಕೆ ಕಟ್ಟಿದ ತೂಗುಗುಂಡು, ಲೆವೆಲ್ ನೋಡುವ ನೀರಿನ ಪೈಪು ಹೊರಗೆ ಬಂದವು.

"ನೀ ಕೆಲಸ ತಗದೀನಿ ಅಂದಿದ್ದೆಲ್ಲಪಾ," ಅಂದ ಮುರಿಗೆಪ್ಪ. "ಅಕಿಗೆ ಕರೆಂಟು ಕೊಡೂದು ದಿನಕ್ಕ ಹತ್ತು ನಿಮಿಷ. ಉಳದ ಹೊತ್ತು ನಾ ಸುಮ್ನ ಕುಂತು ಏನ್ ಮಾಡ್ಲಿ? ನಾನ ಹಾಕಿ ಕೊಡ್ತೀನಿ. ಅಡಿಗಿ ಮನ್ಯಾಗ ಒಂದು ಮೂಲಿ ಕೊಟ್ರ ಆತು, ಮಲಗ್ತೀವಿ."

ಹಾಗೆಂದು ಬಗ್ಗಿ ಒಡೆದ ಟೈಲ್ಸಿನ ಅಂಚಿನ ಮೇಲೆ ಬೆರಳೆಳೆದ. ಬೆರಳಿಗೆ ಹತ್ತಿದ, ಆಗಷ್ಟೇ ಉದುರಿದ ಪುಡಿಯನ್ನು ನೋಡಿದ. ಶಿವಪುತ್ರನ ತಲೆಗೂದಲಲ್ಲಿದ್ದ ಬಿಳಿ ಧೂಳು ನೋಡಿದ, ಊದಿದ ಹೆಬ್ಬೆರಳು ನೋಡಿದ. ಗವಂಡಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಶಿವಪುತ್ರ ಬಾಯಿ ತೆರೆಯುವ ಮೊದಲೇ ನಾಗರತ್ನಾ ಒಳಗೆ ಹೋಗಿ ನನ್ನ ಪ್ಲಾನಿನ ಕಾಗದ ತಂದು ಮುರಿಗೆಪ್ಪನ ಕೈಗಿಟ್ಟಳು. "ಹಾಲ್ ಮಾಡ್ರಿ, ಆಮ್ಯಾಲ ನನ್ನ ಅಡಿಗಿ ಕಟ್ಟಿ ಎತ್ತರ ಮಾಡ್ರಿ. ಸಾಮಾನು ಧನರಾಜಣ್ಣ ತರ್ತಾನ. ನಮ್ಮವರು ಎರಡು ತಿಂಗಳ ಕೆಲಸ ಅಂದಾರ, ಅವಸರಿಲ್ಲ." ಆ ಕೊನೆಯ ಮಾತನ್ನು ಗಂಡನ ಕಡೆ ತಿರುಗಿ ಅಂದಳು. ಅವನು ಅಂಗಿ ತೊಟ್ಟುಕೊಂಡು ಆಫೀಸಿಗೆ ಹೋದ.

ಅದು ಎರಡು ತಿಂಗಳ ಕೆಲಸವೇ ಅಲ್ಲ. ಹಾಲ್ ಮತ್ತು ಕಟ್ಟೆ ಸೇರಿ ಒಬ್ಬ ಗವಂಡಿಗೆ ಎಂಟು ದಿನ. ಮೊದಲ ವಾರ ಸಿಮೆಂಟು ಕೊಟ್ಟು ಬಂದೆ. ಎರಡನೆಯ ವಾರ ಹೋದರೆ ಅರ್ಧ ಹಾಲೂ ಆಗಿರಲಿಲ್ಲ. ಮುರಿಗೆಪ್ಪ ಬೆಳಿಗ್ಗೆ ಹೆಂಡತಿಯನ್ನು ಪರೇಲಕ್ಕೆ ಕರೆದೊಯ್ದು ತರುತ್ತಿದ್ದ, ಮಧ್ಯಾಹ್ನ ಮೂರು ಟೈಲ್ಸ್ ಕೂರಿಸುತ್ತಿದ್ದ, ಸಂಜೆ ಅದರಲ್ಲಿ ಎರಡು ಕೀಳುತ್ತಿದ್ದ. "ಲೆವೆಲ್ ಬರವಲ್ದು," ಅನ್ನುತ್ತಿದ್ದ. ನಾನು ಪೈಪು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮುದುಕನ ಕೈ ಹೋಯಿತೆಂದು ಮರುಗಿದೆ, ನನ್ನಷ್ಟು ಪೆದ್ದ ಇರಲಿಕ್ಕಿಲ್ಲ.

ನಾಲ್ಕನೆಯ ವಾರದ ಕೊನೆಗೆ ಕಾಶವ್ವನಿಗೆ ಗಂಟಲು ಸುಟ್ಟು ಗಂಜಿಯೂ ಇಳಿಯುತ್ತಿರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾಗರತ್ನಾ ಚಮಚದಿಂದ ಹಾಲು ಕುಡಿಸುತ್ತಿದ್ದಳು. ಮುರಿಗೆಪ್ಪ ಕರಣಿ ಹಿಡಿದು ಕುಳಿತಿದ್ದ, ಆದರೆ ಕಲಸಿದ ಸಿಮೆಂಟು ಇರಲಿಲ್ಲ. "ಇನ್ನ ಎಷ್ಟು ದಿನದ ಕೆಲಸ, ಕಾಕಾ?" ಎಂದು ಕೇಳಿದೆ. "ಹತ್ತು," ಅಂದ, ಹೆಂಡತಿಯ ಫೈಲನ್ನು ನೋಡಿ. ಆಗ ನನಗೆ ಗೊತ್ತಾಯಿತು. ಕೆಲಸ ಮುಗಿದ ದಿನ ಈ ಮನೆಯಲ್ಲಿ ಅವರಿಗೆ ಜಾಗವಿಲ್ಲ ಎಂಬುದು ಅವನಿಗೆ ಮೊದಲ ದಿನವೇ ತಿಳಿದಿತ್ತು. ಎರಡು ತಿಂಗಳೆಂದು ಬಾಯಿಬಿಟ್ಟು ಹೇಳಿದ್ದ ಶಿವಪುತ್ರನಿಗೆ ಬೇಗ ಮುಗಿಸು ಅನ್ನುವ ಬಾಯಿಯೂ ಇರಲಿಲ್ಲ. ದಿನಾ ಸಂಜೆ ಬಂದು ಬೂಟು ಕೈಯಲ್ಲಿ ಹಿಡಿದು, ಹಲಗೆಯ ಮೇಲೆ ಹೆಜ್ಜೆಯಿಟ್ಟು ಬೆಡ್‌ರೂಮಿಗೆ ಹೋಗುತ್ತಿದ್ದ. ನನಗೆ ಹಾಯೆನಿಸುತ್ತಿತ್ತು.

ಮೂವತ್ತನೆಯ ಕರೆಂಟು ಮುಗಿದ ಸಂಜೆ ಕೊನೆಯ ಟೈಲ್ಸ್ ಕೂತಿತು. ಮರುದಿನ ಅವರನ್ನು ಸ್ಟೇಷನ್ನಿಗೆ ಬಿಡಲು ನಾನು ಹೋದೆ. ನೆಲ ನಾನು ಹಾಕಿಸುವ ನೆಲಕ್ಕಿಂತ ಚೆನ್ನಾಗಿತ್ತು, ಅಡಿಗೆಕಟ್ಟೆ ನಾಗರತ್ನಾಳ ಸೊಂಟಕ್ಕೆ ಸರಿಯಾಗಿ ನಿಂತಿತ್ತು. ಹೋಗುವವರು ಹೊರಟಿದ್ದಾರೆಂದು ಖಾತ್ರಿಯಾದ ಮೇಲೆ ಶಿವಪುತ್ರನಿಗೆ ನಾಲಿಗೆ ಬಂತು. ಹೊಸ ನೆಲದ ನಡುವೆ ನಿಂತು ಅಂದ:

"ಕೆಲಸ ಚಲೋ ಆಗೈತ್ರಿ ಮಾಮಾ, ಆದರ ನಿಮ್ಮ ಕೈ ಭಾಳ ನಿಧಾನ ಆಗೈತಿ. ಧನರಾಜ್‌ಗ ಕೊಟ್ಟಿದ್ರ ಎಂಟ ದಿನದಾಗ ಮುಗಸ್ತಿದ್ದ."

ಮುರಿಗೆಪ್ಪ ಚೀಲದ ಬಾಯಿ ಕಟ್ಟುತ್ತಿದ್ದ.

"ನಂದೂ ಎಂಟ ದಿನದ ಕೆಲಸನ ಇತ್ತಪಾ," ಅಂದ. "ನಿಮ್ಮ ಅಕ್ಕಂದು ಮೂವತ್ತು ದಿನದ್ದಿತ್ತು."

ಶಿವಪುತ್ರ ನನ್ನ ಮುಖ ನೋಡಿದ. ನಾನು ಕಾಶವ್ವನ ಕೈಹಿಡಿದು ಮೆಟ್ಟಿಲು ಇಳಿಯತೊಡಗಿದೆ.