ಮೇಲ್ ಗಾಡಿಯ ಎಡಗಾಲು

ಅಂಚೆಯಣ್ಣನಿಗೆ ಊರಿನವರು ಇಟ್ಟ ಹೆಸರು ಮೇಲ್ ಗಾಡಿ. ಇಪ್ಪತ್ತಾರು ವರ್ಷ ಕಾಗದ ಹಂಚಿದರೂ ಯಾರ ಬಾಗಿಲಲ್ಲೂ ಅರೆಗಳಿಗೆ ನಿಂತವನಲ್ಲ. ಕಾಗದ ಬಿತ್ತು ಅನ್ನುವಷ್ಟರಲ್ಲಿ ಆಸಾಮಿ ಮುಂದಿನ ಬೀದಿಯಲ್ಲಿ! ಅಂಥವನು ಈಚೆಗೆ ಔಷಧಿ ಅಂಗಡಿ ಮುಂದೆ ಒಮ್ಮೆ, ದರ್ಜಿಯ ಕಿಟಕಿ ಹತ್ತಿರ ಒಮ್ಮೆ ನಿಂತು ಮಾತಾಡತೊಡಗಿದ. "ಸದ್ಯ, ಈಗಲಾದರೂ ಮನುಷ್ಯನಾದ" ಅಂತ ಎಲ್ಲರಿಗೂ ಖುಷಿ.

ಅಯ್ಯೋ, ಅವನಿಗೆಲ್ಲಿಯ ಮಾತಿನ ಚಪಲ? ಇನ್ನೂರು ಹೆಜ್ಜೆ ನಡೆದರೆ ಎಡಗಾಲಿನ ಮೀನಖಂಡ ಹಿಂಡಿದ ಹಾಗೆ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಆ ಎರಡು ನಿಮಿಷಕ್ಕೊಂದು ನೆಪ ಬೇಕಲ್ಲ! ವಯಸ್ಸಾಯ್ತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಾಯಿಬಿಟ್ಟರೆ ಕಚೇರಿಯವರು ಬೀದಿ ಬಿಡಿಸಿ ಮುದ್ರೆ ಒತ್ತುವ ಮೇಜಿಗೆ ಕೂರಿಸುತ್ತಾರೆ; ಅದಕ್ಕಿಂತ ಜೀವ ಹೋದರೇ ವಾಸಿ ಅನ್ನುವ ಆಸಾಮಿ ಅವನು.

ದಿನದ ಕೊನೆಗೆ ಅವನು ಕೂರುತ್ತಿದ್ದದ್ದು ಅಟ್ಟೆಯಜ್ಜನ ಅಂಗಡಿಯಲ್ಲಿ. ಚಪ್ಪಲಿ, ಬೂಟು ಹೊಲಿಯುವ ಅಜ್ಜ. ಬಾಯಿ ಜೋರು, ಮನಸ್ಸು ಬೆಣ್ಣೆ. ಇಬ್ಬರೂ ಕೂತು ಸಿಗರೇಟು ಸುಡುತ್ತಿದ್ದರು. ಅವತ್ತು ಹೊಸ ಬೂಟಿಗೆ ಅಳತೆ ತೆಗೆಯಲು ಅಜ್ಜ ಅವನ ಎರಡೂ ಪಾದ ಹಿಡಿದವನು ಬಿಡಲೇ ಇಲ್ಲ.

"ಏನೋ ಇದು! ಬಲಗಾಲು ಬೆಚ್ಚಗಿದೆ, ಎಡಗಾಲು ತಣ್ಣಗೆ. ಕೂದಲೂ ಉದುರಿದೆ. ಹೆಬ್ಬೆರಳ ಮೇಲಿನ ಈ ಗಾಯ ಎಷ್ಟು ದಿನದ್ದು?"

"ಬೂಟು ಕಚ್ಚಿದ್ದು ಅಜ್ಜ. ತಿಂಗಳಾಯ್ತೇನೋ."

"ನಾನು ಹೊಲಿದ ಬೂಟು ಕಚ್ಚೋದಾ? ನಡಿ ಆಸ್ಪತ್ರೆಗೆ, ತಲೆಹರಟೆ ಮಾಡಬೇಡ!" ಅಂಗಡಿ ಬಾಗಿಲೆಳೆದು ಅಜ್ಜನೂ ಜೊತೆಗೆ ಹೊರಟ.

ಡಾಕ್ಟರಮ್ಮ ತೋಳಿನ ರಕ್ತದೊತ್ತಡ ನೋಡಿದರು, ಆಮೇಲೆ ಎಡಗಾಲಿನ ಹರಡಿನದ್ದು. ಹರಡಿನಲ್ಲಿ ತೀರಾ ಕಡಿಮೆ.

"ಕಾಲಿನ ರಕ್ತನಾಳ ಕಟ್ಟಿಕೊಳ್ತಾ ಇದೆ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಇವೆಲ್ಲ ಸೇರಿ ಮಾಡೋ ಕೆಲಸ. ಹಾಗೇ ಬಿಟ್ಟಿದ್ದರೆ ಕಾಲೇ ಹೋಗೋದು, ಹೃದಯಕ್ಕೂ ಅಪಾಯ. ನೋವು ಶುರುವಾದಾಗಲೇ ಬರಬೇಕಿತ್ತು, ಆದರೂ ಸಮಯ ಮೀರಿಲ್ಲ. ಮಾತ್ರೆ ಇವತ್ತಿಂದಲೇ; ಗಾಯ ಮಾಯ್ದ ಮೇಲೆ ನಡೆಯೋದೂ ಔಷಧಿಯೇ. ನೋವು ಬಂದರೆ ನಿಲ್ಲಿ, ಹೋದಮೇಲೆ ಮತ್ತೆ ನಡೆಯಿರಿ. ಸಿಗರೇಟು ಮಾತ್ರ ಇವತ್ತಿಗೇ ಬಂದ್."

ಅಂಚೆಯಣ್ಣನ ಕಣ್ಣು ತುಂಬಿತು. ಕಾಲೂ ಉಳಿಯಿತು, ಬೀದಿಯೂ ಉಳಿಯಿತು. ಮೂಗೊರೆಸಿಕೊಂಡು, "ಡಾಕ್ಟ್ರೇ, ಅಜ್ಜನೂ ನನ್ನ ಜೊತೆ ಸೇದೋರು. ಇವರ ಕಾಲೂ ನೋಡಿ" ಅಂದ.

ಅಜ್ಜ ಪಾದಗಳನ್ನು ಸ್ಟೂಲಿನಡಿಗೆ ಎಳೆದುಕೊಂಡ. "ಛೇ ಛೇ, ನನ್ನ ಕಾಲು ಯಾರಿಗೆ ಬೇಕೋ?"

ನಲವತ್ತು ವರ್ಷ ಊರಿನವರ ಪಾದವನ್ನೆಲ್ಲ ಮಡಿಲಲ್ಲಿಟ್ಟುಕೊಂಡ ಮನುಷ್ಯ; ಅವನ ಪಾದವನ್ನು ಒಬ್ಬರೂ ಮುಟ್ಟಿರಲಿಲ್ಲ. ಅಂಚೆಯಣ್ಣ ನೆಲದ ಮೇಲೆ ಕೂತು, ಅಜ್ಜನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಬಿಚ್ಚಿದ.