ಎರಡು ನೆಟ್ಟಗಿನ ಗೀಟು

ಒಣಮೆಣಸಿನಕಾಯಿ ಕುಟ್ಟುವ ಘಾಟು ಮೂಗಿಗೆ ಬಡಿದರೆ ಬೇರೆಯವರಿಗೆ ರೊಟ್ಟಿ, ಎಣ್ಣೆಗಾಯಿ ನೆನಪಾಗುತ್ತವೆ. ನನಗೆ ಸರ್ವರ್ ನೆನಪಾಗುತ್ತದೆ. ಮನೆಯಲ್ಲಿ ಈ ಮಾತು ಹೇಳಿದರೆ ನನ್ನ ಗುಳಿಗೆ ಬದಲಿಸಬೇಕೇನೋ ಎಂಬಂತೆ ನೋಡುತ್ತಾರೆ. ಅದಕ್ಕೇ ಹೇಳದೆ ಬರೆಯುತ್ತಿದ್ದೇನೆ. ಮೊನ್ನೆ ನನ್ನ ಹಳೆಯ ಆಫೀಸಿನಿಂದ ಕೆಲಸವಾಗದೆ ಹೊರಬಿದ್ದಿದ್ದೆ. ಬೈಲಹೊಂಗಲದ ಪೇಟೆಯಲ್ಲಿ ಖಾರದ ಗಿರಣಿಯ ಮುಂದೆ ಹಾಯುವಾಗ ದೊಡ್ಡದೊಂದು ಸೀನು ಬಂತು. ಸೀನಿನ ಬೆನ್ನಿಗೇ ಅಕ್ಕೋರು ಬಂದರು...

ಅಕ್ಕೋರ ಕಂಪ್ಯೂಟರ್ ಕ್ಲಾಸು ಆ ಗಿರಣಿಯ ಮಾಳಿಗೆಯ ಮೇಲಿತ್ತು. ಹದಿನೈದು ವರ್ಷದ ಹಿಂದಿನ ಮಾತಿರಬೇಕು. ನಾನಾಗ ಊರಿನ ಖಾಸಗಿ ಹೈಸ್ಕೂಲೊಂದರಲ್ಲಿ ಗುಮಾಸ್ತ. ಒಂದು ದಿನ ಸಂಸ್ಥೆಯ ಸೆಕ್ರೆಟರಿ ಸಾಹೇಬರು ಕರೆದು, "ಮುಂದಿನ ವರ್ಷದಿಂದ ಅಡ್ಮಿಶನ್ ಅರ್ಜಿ ಎಲ್ಲಾ ವೆಬ್‌ಸೈಟಿನ್ಯಾಗ. ನಿನಗ ಬಂದ್ರ ಮಾಡು. ಬರಲಿಲ್ಲಂದ್ರ ಬೆಳಗಾವಿಯಿಂದ ಒಬ್ಬನ್ನ ಕರಸ್ತೇವಿ. ನಿನ್ನ ಕುರ್ಚಿ ಮ್ಯಾಲ ಅವ ಕುಂಡ್ರತಾನ" ಎಂದರು. ಆ ಕುರ್ಚಿಯಲ್ಲಿ ನನ್ನ ಆಕಾರದ ತಗ್ಗು ಬಿದ್ದಿತ್ತು. ಅದರಲ್ಲಿ ಪರಪುರುಷನೊಬ್ಬ ಕೂರುವುದನ್ನು ನಾನು ಬದುಕಿರುವ ತನಕ ಆಗಗೊಡಲಾರೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿ, ಬೇಸಿಗೆ ರಜೆ ಬಿದ್ದ ಮರುದಿನ ಗಿರಣಿಯ ಮೆಟ್ಟಿಲು ಹತ್ತಿದೆ.

ಅಕ್ಕೋರು ವಯಸ್ಸಿನಲ್ಲಿ ನನ್ನ ಮಗಳಾಗಬೇಕಾದವರು. ಎಲ್ಲಮ್ಮನ ಗುಡ್ಡದ ಕೆಳಗಿನ ಉಗರಗೋಳದಿಂದ ಬಂದು ಇಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಕಲಿಸುವ ಹೆಣ್ಣುಮಗಳನ್ನು ನಮ್ಮ ಕಡೆ ಅಕ್ಕೋರು ಎನ್ನುವುದರಿಂದ ನಾನೂ ಹಾಗೇ ಕರೆದೆ; ಅವರು ನನ್ನನ್ನು ಕಾಕಾ ಎಂದರು. ಬೇಸಿಗೆಯೆಂದರೆ ಊರಿಗೆಲ್ಲ ವರ್ಷದ ಖಾರ ಕುಟ್ಟಿಸುವ ಕಾಲ. ಕೆಳಗಿನಿಂದ ಘಾಟು ಏಳುತ್ತಿತ್ತು, ಮೇಲೆ ನಾವು ಕಣ್ಣೊರೆಸಿಕೊಳ್ಳುತ್ತಿದ್ದೆವು. ಖಾರಕ್ಕೆ ಅಳುವವರು ಯಾರು, ಪಾಠಕ್ಕೆ ಅಳುವವರು ಯಾರು ಎಂದು ಬೇರ್ಪಡಿಸುವುದು ಕಷ್ಟವಿತ್ತು. ನಾನು ಎರಡಕ್ಕೂ ಅಳುತ್ತಿದ್ದೆ. ಅಕ್ಕೋರು ಮಾತ್ರ ಒಮ್ಮೆಯೂ ಸೀನಿದ್ದು ನೆನಪಿಲ್ಲ.

ಫಾರ್ಮು ಬರೆಯುವುದು ನನಗೆ ಬೇಗ ಒಲಿಯಿತು. ಖಾನೆ ಎಳೆಯುವುದೇ ನನ್ನ ಜನ್ಮದ ಕಸುಬು. ಕಷ್ಟವಾದದ್ದು ಒಳಗಿನ ಸ್ಕ್ರಿಪ್ಟು.

"ಫಾರ್ಮಂದ್ರ ಕಿಡಕಿ ಇದ್ದಂಗ್ರಿ ಕಾಕಾ. ಮಂದಿ ತುಂಬಿ ಕೊಟ್ಟದ್ದು ಒಳಗ ಹೋಗತೈತಿ. ಒಳಗ ಸರ್ವರಿನ್ಯಾಗ ಕುಂತು, ಅದನ್ನ ಓದಿ, ಹೂಂ ಇಲ್ಲಾ ಊಂಹೂಂ ಅನ್ನಾಂವ ಈ ಸ್ಕ್ರಿಪ್ಟು."

"ಅಂದ್ರ ನಾನ ಅನ್ರಿ."

"ನೀವರಿ. ಆದ್ರ ನಡುವ ಚಾ ಕುಡ್ಯಾಕ ಎದ್ದು ಹೋಗದಾಂವ."

ಎಲ್ಲೋ ಒಂದು ಚಿಹ್ನೆ ಬಿಟ್ಟರೂ ಪುಟ ಸತ್ತವರ ಮುಖದಂತೆ ಬಿಳಿಚಿಕೊಂಡು ಕೂರುತ್ತಿತ್ತು, ಯಾಕೆಂದು ಹೇಳುತ್ತಿರಲಿಲ್ಲ. ಮೇಲಧಿಕಾರಿಗಳ ಇಂಥ ಮೌನ ನನಗೆ ಹೊಸದಲ್ಲ. ಅದರ ಮುಂದೆ ಕೈಕಟ್ಟಿ ಕೂತು, ಸಾಲು ಸಾಲಾಗಿ ಓದಿ, ತಪ್ಪು ಹೆಕ್ಕಿ, ಮತ್ತೆ ನಡೆಸಿದೆ. ಮತ್ತೆ ಬಿಳಿ. ಮತ್ತೆ ಓದಿದೆ. ಜೊತೆಗಿದ್ದ ಹುಡುಗರು, "ಕಾಕಾ, ಪುಟ ಬ್ಯಾಸತ್ತು ತಾನ ತೆರಿತೈತಿ ತಗೋರಿ" ಎಂದು ನಗುತ್ತಿದ್ದರು. ಕೊನೆಗೆ ಅದು ತೆರೆಯಿತು. ಬೇಸತ್ತೇ ತೆರೆಯಿತೋ ಏನೋ.

ಮಧ್ಯಾಹ್ನ ಕರೆಂಟು ಹೋಗುವುದು ಆಗಿನ ನಿಯಮ. ಉಳಿದ ಕ್ಲಾಸಿನವರು ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು; ಅಕ್ಕೋರು ಕಳಿಸುತ್ತಿರಲಿಲ್ಲ. ಆ ಮಾಳಿಗೆ ಹಿಂದೊಮ್ಮೆ ಡಾಕ್ಟರರ ದವಾಖಾನೆಯಾಗಿತ್ತಂತೆ. ಎರಡು ಕೋಣೆಗಳ ನಡುವೆ ಕಂಪೌಂಡರ್ ಔಷಧಿ ಕೊಡುತ್ತಿದ್ದ ಪುಟ್ಟ ಕಿಡಕಿ ಹಾಗೇ ಉಳಿದಿತ್ತು. ಕರೆಂಟು ಹೋದೊಡನೆ ಅಕ್ಕೋರು ಒಳಕೋಣೆಯಲ್ಲಿ ಕೂತು ತಾವೇ ಸರ್ವರ್ ಆಗುತ್ತಿದ್ದರು. ನಾವು ಹಾಳೆಯ ಮೇಲೆ ಬರೆದ ಸ್ಕ್ರಿಪ್ಟು ಅವರ ಕೈಯಲ್ಲಿ. ನಾವು ಹೊರಗೆ ನಿಂತು ಚೀಟಿಯಲ್ಲಿ ಫಾರ್ಮು ತುಂಬಿ ಕಿಡಕಿಯೊಳಗೆ ಚಾಚಬೇಕು. ಸ್ಕ್ರಿಪ್ಟಿನಲ್ಲಿ ಬರೆದಷ್ಟನ್ನೇ ಸರ್ವರ್ ಮಾಡುತ್ತದೆ. ದಯೆ, ದಾಕ್ಷಿಣ್ಯ ಏನೂ ಇಲ್ಲ.

ನನ್ನ ಪಾಳಿ ಬಂದ ದಿನ ನಮ್ಮ ಶಾಲೆಯ ಅಡ್ಮಿಶನ್ ಫಾರ್ಮನ್ನೇ ತಯಾರಿಸಿ ಒಯ್ದಿದ್ದೆ. ಎಲ್ಲ ಖಾನೆಯೂ ಕಡ್ಡಾಯ. ತುಂಬಿ ಚಾಚಿದೆ. ಪಿನ್‌ಕೋಡ್ ಒಂದು ಮರೆತಿತ್ತು. ಅಕ್ಕೋರು ಗಂಭೀರವಾಗಿ ಚೀಟಿ ಹರಿದು, "ಅರ್ಜಿ ತಿರಸ್ಕರಿಸಲಾಗಿದೆ" ಎಂದರು.

"ಯಾಕ್ರೀ ಅಕ್ಕೋರ?"

"ಯಾಕ ಅಂತ ಹೇಳು ಅಂತ ಸ್ಕ್ರಿಪ್ಟಿನ್ಯಾಗ ನೀವು ಬರದಿಲ್ರಿ."

"ಅದಕ್ಕ ಹರಿಯೂದರಿ?"

"ಇಟ್ಟುಕೋ ಅಂತನೂ ಬರದಿಲ್ಲ."

ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಆಮೇಲೆ ಅಕ್ಕೋರು, "ಈಗ ನೀವು ಸರ್ವರ್ ಆಗ್ರಿ, ನಾ ತುಂಬತೇನಿ" ಎಂದು ಹೊರಗೆ ಬಂದರು. ನಾನು ಒಳಗೆ ಕೂತೆ. ಸ್ವಸ್ಥಾನಕ್ಕೆ ಮರಳಿದ ಸುಖ. ಅವರ ಚೀಟಿ ಬಂತು. ತಂದೆಯ ಹೆಸರಿನ ಖಾನೆ ಖಾಲಿ. ಹರಿದೆ. ಮತ್ತೊಂದು ಚೀಟಿ ಬಂತು. ಅದೇ ಖಾನೆ ಖಾಲಿ. ಹರಿದೆ. ಮತ್ತೂ ಬಂದಾಗ ಸರ್ವರಿನ ಮರ್ಯಾದೆ ಬಿಟ್ಟು ಬಾಯಿ ತೆರೆದೆ.

"ಅಕ್ಕೋರ, ತಂದಿ ಹೆಸರ ಬಿಟ್ಟೀರಲ್ರಿ."

"ಬಿಟ್ಟಿಲ್ರಿ ಕಾಕಾ. ಇದ್ದದ್ದನ್ನ ಎಲ್ಲಾ ಬರದೇನಿ."

ಕರೆಂಟಿಲ್ಲದೆ ಕೆಳಗೆ ಗಿರಣಿಯೂ ನಿಂತಿತ್ತು. ಹುಡುಗರ ನಗೆಯೂ ನಿಂತಿತು. ಅಕ್ಕೋರು ಮಾತ್ರ ಪಾಠ ಹೇಳುವ ದನಿಯಲ್ಲೇ ಮುಂದುವರಿಸಿದರು. "ನಮ್ಮವ್ವ ಎಲ್ಲಮ್ಮಗ ಬಿಟ್ಟಾಕಿರಿ, ದೇವದಾಸಿ. ನನ್ನ ಸಾಲಿಗೆ ಹಚ್ಚಾಕ ಹೋದಾಗ ಇಂಥಾದ ಕಿಡಕಿ ಮುಂದ ನಿಂತಿದ್ಲು, ಈ ಖಾನ್ಯಾಗ ಏನ್ ಬರಸ್ಲಿ ಅಂತ. ಒಳಗಿನಾಂವ ಊಂಹೂಂ ಅಂದ. ಆ ವರ್ಷ ನನ್ನ ಸಾಲಿ ತಪ್ಪಿತು."

ಕಿಡಕಿಯಾಚೆ ಅವರ ಕೈ ಇನ್ನೂ ಚೀಟಿ ಹಿಡಿದು ಚಾಚಿಯೇ ಇತ್ತು...

ಅಷ್ಟರಲ್ಲಿ ಕರೆಂಟು ಬಂತು, ಗಿರಣಿ ಗುಡುಗಿತು. "ಏಳ್ರಿ, ಮಶೀನ್ ಹಚ್ರಿ" ಎಂದರು ಅಕ್ಕೋರು, ಏನೂ ಆಗದವರಂತೆ. ನನ್ನ ಸ್ಕ್ರಿಪ್ಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಂದೆಯ ಹೆಸರು ‘ಮತ್ತು’ ತಾಯಿಯ ಹೆಸರು ಇದ್ದರೆ ಮಾತ್ರ ಒಳಗೆ ಬಿಡು, ಎಂದಿತ್ತು ಆ ಸಾಲು. ನನ್ನ ಇಡೀ ನೌಕರಿ ನಡೆದದ್ದೇ ‘ಮತ್ತು’ವಿನ ಮೇಲೆ: ರೇಷನ್ ಕಾರ್ಡು ಮತ್ತು ಜಾತಿ ದಾಖಲೆ ಮತ್ತು ಎರಡು ಫೋಟೋ ಮತ್ತು ನಾಳೆ ಬನ್ನಿ. ಆ ‘ಮತ್ತು’ವಿನ ಚಿಹ್ನೆ ಅಳಿಸಿ, ಅಲ್ಲಿ ಎರಡು ನೆಟ್ಟಗಿನ ಗೀಟು ಹಾಕಲು ಹೇಳಿದರು. ಕಂಪ್ಯೂಟರಿನ ಭಾಷೆಯಲ್ಲಿ ಅದು ‘ಅಥವಾ’. ತಂದೆ ಅಥವಾ ತಾಯಿ. ಹಾಕಿದೆ. ಅಕ್ಕೋರು ತಾವೇ ಕೂತು, ತಾಯಿಯ ಹೆಸರೊಂದನ್ನೇ ತುಂಬಿ ಕಳಿಸಿದರು. ‘ಅರ್ಜಿ ತಲುಪಿದೆ’ ಎಂದಿತು ಪರದೆ. ಅದನ್ನು ಅವರು ಬಹಳ ಹೊತ್ತು ಓದಿದರು. ಇದ್ದದ್ದು ಎರಡೇ ಶಬ್ದ.

ಜೂನ್ ಹತ್ತಿರ ಬಂದಾಗ ಸೆಕ್ರೆಟರಿ ಸಾಹೇಬರ ಮುಂದೆ ಫಾರ್ಮು ತೆರೆದು ತೋರಿಸಿದೆ. ಅಲ್ಲಿ ಇಲ್ಲಿ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನೋ ಇದು, ತಂದಿ ಹೆಸರ ಇಲ್ದ ಮುಂದ ಹೋತಲ್ಲ? ಸರಿ ಮಾಡು."

ಕುರ್ಚಿಯ ತಗ್ಗು ಕಣ್ಣ ಮುಂದೆ ಬಂತು. ಕಿಡಕಿಯಲ್ಲಿ ಚಾಚಿದ ಕೈಯೂ ಬಂತು.

"ಬರೂದಿಲ್ರಿ ಸಾಹೇಬ್ರ. ಸರ್ವರ್ ಕೇಳಂಗಿಲ್ರಿ."

"ಏನ್ ಮಾಡಿದ್ರೂ?"

"ಏನ್ ಮಾಡಿದ್ರೂ ಕೇಳಂಗಿಲ್ರಿ."

ನನ್ನ ಸೇವೆಯ ಅವಧಿಯಲ್ಲಿ ನಾನು ಇಷ್ಟು ದೃಢವಾದ ಸುಳ್ಳು ಹೇಳಿದ್ದಿಲ್ಲ. ಯಾರ ಮಾತನ್ನೂ ಕೇಳದ ಸಾಹೇಬರು ಸರ್ವರಿನ ಹೆಸರು ಕೇಳಿ ತಣ್ಣಗಾದರು. "ಹಂಗಾರ ಇರಲಿ ಬಿಡು" ಎಂದರು. ಕುರ್ಚಿ ನನ್ನದೇ ಉಳಿಯಿತು. ಅಂದು ಮೆಟ್ಟಿಲು ಹಾರಿ ಹತ್ತಿ ಹೋಗಿ ಹೇಳಿದಾಗ ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಕಾಕಾ, ಇಷ್ಟ ದಿನ ಕಲ್ತಿದ್ದು ಸಾರ್ಥಕ ಆತ್ರಿ."

ಮುಂದೆ ಆ ಕ್ಲಾಸು ಮುಚ್ಚಿತು. ಅಕ್ಕೋರು ಸವದತ್ತಿಯಲ್ಲಿ ಕಲಿಸುತ್ತಿದ್ದಾರೆಂದು ಕೇಳಿದ್ದೆ. ಒಮ್ಮೆ ಹೋಗಿ ಕಂಡು ಬರಬೇಕು, ಹೋಗಬೇಕು ಎನ್ನುವುದರಲ್ಲೇ... ಅವರು ತೀರಿಕೊಂಡರೆಂದು ಹೋದ ವರ್ಷ ಗಿರಣಿಯವನೇ ಹೇಳಿದ. ಜ್ವರ ಅಂತ. ಅದಕ್ಕಿಂತ ಹೆಚ್ಚು ಅವನಿಗೂ ತಿಳಿದಿರಲಿಲ್ಲ.

ಮೊನ್ನೆ ಹಳೆಯ ಆಫೀಸಿಗೆ ಹೋದದ್ದು ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಸಲುವಾಗಿ. ಅವಳ ಮಗಳಿಗೆ ಅಡ್ಮಿಶನ್ ಆಗಬೇಕು. ನನ್ನ ಫಾರ್ಮು ಹೋಗಿ ಹೊಸದು ಬಂದಿದೆ. ತಂದೆಯ ಹೆಸರಿನ ಪಕ್ಕದಲ್ಲಿ ‘ಕಡ್ಡಾಯ’ ಎಂಬ ಕೆಂಪು ಚುಕ್ಕೆ. ಆ ಖಾನೆಗೆ ಬರೆಸಲು ಅವಳ ಬಳಿ ಹೆಸರಿಲ್ಲ. ಕಂಪ್ಯೂಟರ್ ಮುಂದಿನ ತರುಣ ತಲೆ ಎತ್ತದೆ ಹೇಳಿದ: "ಸರ್ವರ್ ಕೇಳಂಗಿಲ್ರೀ ಅಜ್ಜಾ."

ತಾಯಿ-ಮಗಳಿಬ್ಬರನ್ನೂ ಬೆಂಚಿನ ಮೇಲೆ ಬಿಟ್ಟು, ಇನ್ನಾರನ್ನು ಕೇಳಲಿ ಎಂದುಕೊಳ್ಳುತ್ತ ಪೇಟೆಯ ಕಡೆ ನಡೆದಿದ್ದೆ. ಆಗಲೇ ಆ ಸೀನು ಬಂದದ್ದು. ನಿಂತೆ. ತಿರುಗಿದೆ. ಮರಳಿ ಹೋಗಿ ಆ ತರುಣನ ಎದುರು ಕುರ್ಚಿ ಎಳೆದು ಕೂತೆ.

"ತಮ್ಮಾ, ಆ ಸುಳ್ಳನ್ನ ಈ ಆಫೀಸಿನ್ಯಾಗ ಮೊದಲ ಹೇಳಿದಾಂವ ನಾನ. ಸರ್ವರ್ ಕೇಳತೈತಿ. ನೀ ಹೇಳು."

ಅವನು ಹೆಡ್‌ಮಾಸ್ತರರನ್ನು ಕೇಳಬೇಕೆಂದ. ಕೇಳು ಎಂದೆ. ಫಾರ್ಮು ಮಾಡಿಕೊಟ್ಟ ಕಂಪನಿಯವರಿಗೆ ಫೋನು ಹಚ್ಚಬೇಕೆಂದ. ಹಚ್ಚು ಎಂದೆ. ಊಟದ ಹೊತ್ತಾಯಿತೆಂದ. ಉಂಡು ಬಾ, ನಾ ಇಲ್ಲೇ ಇರತೇನಿ ಎಂದೆ. ಈಗ ಗೀಟು ಹಾಕುವ ಕಷ್ಟವೂ ಇಲ್ಲವಂತೆ. ‘ಕಡ್ಡಾಯ’ ಎಂಬುದರ ಮುಂದಿನ ಗುರುತು ತೆಗೆದರೆ ಸಾಕಂತೆ. ಸಂಜೆಯ ಹೊತ್ತಿಗೆ ತೆಗೆದ. ‘ಅರ್ಜಿ ತಲುಪಿದೆ’ ಎಂದಿತು ಪರದೆ. ಹುಡುಗಿ ಅದನ್ನು ಜೋರಾಗಿ ಓದಿ ತಾಯಿಗೆ ಹೇಳಿದಳು.

ಬರುವಾಗ ಕಾಲುಗಳು ತಾವಾಗಿಯೇ ಗಿರಣಿಯ ಮೆಟ್ಟಿಲು ಹತ್ತಿದವು. ಮೇಲೆ ಬಾಗಿಲಿಗೆ ಕೀಲಿ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು ಇಳಿದೆ. ಕೆಳಗೆ ಗಿರಣಿ ನಿಂತು ಆಗಲೇ ಬಹಳ ಹೊತ್ತಾಗಿತ್ತು.